ಡೆಬ್ ಪ್ಯಾಕೇಜ್ ಮಾಡುವಾಗ ಲೋಗೋಗೆ ಬೇರೆ ಅನುಮತಿ ಬೇಕಾ?

ಇಳಕಲ್‌ಪೇಟೆ:
ಎಲ್ಲರಿಗೂ ನಮಸ್ಕಾರ. ನಮ್ಮ ಇಳಕಲ್‌ನ ಕೆಲವು ಸೀರೆ ಅಂಗಡಿಗಳಲ್ಲಿ ಕನ್ನಡದ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಬಳಸುತ್ತಾರೆ. ಬರೆದವರು ನನ್ನ ಗೆಳೆಯರು, ಕೋಡ್ ಜಿಪಿಎಲ್ 3, ಅಂದರೆ ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ಮುಕ್ತ ಲೈಸೆನ್ಸ್. ನಾನು ಅದರ ಡೆಬ್ ಪ್ಯಾಕೇಜ್ (ಇನ್‌ಸ್ಟಾಲ್ ಮಾಡುವ ಫೈಲ್) ಮಾಡುತ್ತಿದ್ದೇನೆ. ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ಗೇ ಸೇರಿಸಬೇಕು ಅಂತ ಬಹಳ ಆಸೆ. ಹಳೇ ಕಂಪ್ಯೂಟರ್ ಇಟ್ಟುಕೊಂಡವರಿಗೂ ಒಂದೇ ಕಮಾಂಡಿನಲ್ಲಿ ಸಿಗುತ್ತೆ.

ಯಾವುದು ಯಾರದು, ಯಾವ ಲೈಸೆನ್ಸ್ ಅಂತ ಹೇಳುವ ಕಾಪಿರೈಟ್ ಫೈಲ್ ಬರೆಯುವಾಗ ಐಕಾನ್ ಫೋಲ್ಡರ್ ಹತ್ತಿರ ಬಂದು ನಿಂತಿದ್ದೇನೆ. ಅಲ್ಲಿ ಸಾಫ್ಟ್‌ವೇರ್‌ನದೇ ಲೋಗೋ ಇದೆ: ಕೆಂಪು ಸೆರಗು, ಅದರ ಮೇಲೆ ಬಿಳಿ ತೆನಿ. ಬೆಳಗಾವಿಯ ಒಬ್ಬ ತಂಗಿ ದುಡ್ಡು ತಗೊಳ್ಳದೆ ಬಿಡಿಸಿಕೊಟ್ಟಿದ್ದು. ವಾಟ್ಸಾಪ್‌ನಲ್ಲಿ ಕೇಳಿದೆ. "ನೀವು ಬಳಸ್ರಿ ಅಣ್ಣಾ, ಏನೂ ತೊಂದರೆ ಇಲ್ಲ" ಅಂದಳು. ಅದೇ ಫೋಲ್ಡರ್‌ನಲ್ಲಿ ಯುಪಿಐ ಆ್ಯಪ್‌ಗಳ ಲೋಗೋಗಳೂ ಇವೆ, ಪಾವತಿ ಪರದೆಗೆ ಅಂತ.

ಕೋಡ್ ಜಿಪಿಎಲ್ ಅಂದಮೇಲೆ ಒಳಗಿನ ಚಿತ್ರಗಳೂ ಜಿಪಿಎಲ್ ಅಲ್ವಾ? ಆ ವಾಟ್ಸಾಪ್ ಮಾತು ಸಾಕಾಗುತ್ತಾ?

ಗುಮ್ಮಟನಗರಿ:
ಯುಪಿಐ ಲೋಗೋಗಳನ್ನು ತೆಗೆದುಬಿಡಿ ಸರ್. ಆ ಕಂಪನಿಗಳು ಅವನ್ನು ಜಿಪಿಎಲ್‌ಗೆ ಕೊಟ್ಟಿಲ್ಲ, ನಿಮ್ಮ ಗೆಳೆಯರು ಕೊಡೋಕೂ ಬರಲ್ಲ. ಯುಪಿಐ ಕ್ಯೂಆರ್ ಕೋಡ್ ಒಂದಿದ್ದರೆ ಗಿರಾಕಿ ಯಾವ ಆ್ಯಪ್‌ನಿಂದ ಬೇಕಾದರೂ ಸ್ಕ್ಯಾನ್ ಮಾಡುತ್ತಾನೆ. ಹೆಸರು ಹೇಳಲೇಬೇಕು ಅಂದರೆ ಮಾಮೂಲಿ ಅಕ್ಷರದಲ್ಲಿ ಬರೆಯಿರಿ. ನಮ್ಮ ವಿಜಯಪುರದ ಅಂಗಡಿಗಳಿಗೆ ನಾನು ಹಾಕಿಕೊಡುವುದೂ ಹಾಗೇ.

ಟಿಳಕವಾಡಿ:
ಯುಪಿಐ ವಿಷಯದಲ್ಲಿ ಗುಮ್ಮಟನಗರಿಯವರು ಹೇಳಿದ್ದು ಸರಿ. ಸೆರಗಿನ ಲೋಗೋ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಳ್ಳೆ ಪ್ಯಾಕೇಜ್‌ಗಳು ಇಂಥ ಜಾಗದಲ್ಲೇ ನಿಂತುಬಿಡುತ್ತವೆ, ನೋಡಿದರೆ ಸಂಕಟವಾಗುತ್ತೆ.

"ನೀವು ಬಳಸ್ರಿ" ಅನ್ನುವುದು ನಿಮಗೆ ಸಿಕ್ಕ ಅನುಮತಿ. ಡೆಬಿಯನ್‌ಗೆ ಅದು ಸಾಲದು. ಡೆಬಿಯನ್‌ನ ಮುಕ್ತ ಸಾಫ್ಟ್‌ವೇರ್ ಮಾರ್ಗಸೂಚಿಯ 8ನೇ ಅಂಶ ನೋಡಿ: ಲೈಸೆನ್ಸ್ ಡೆಬಿಯನ್‌ಗೆ ಮಾತ್ರ ಅಂತ ಇರಬಾರದು. ಅಲ್ಲಿಂದ ತಗೊಂಡು ಇನ್ನೊಬ್ಬರು ಬೇರೆ ಡಿಸ್ಟ್ರೋ (ಲಿನಕ್ಸ್‌ನ ಇನ್ನೊಂದು ಆವೃತ್ತಿ) ಕಟ್ಟಿದರೆ ಅವರಿಗೂ ಅದೇ ಹಕ್ಕು ಹೋಗಬೇಕು. ಬಳಸುವುದು, ಬದಲಿಸುವುದು, ಹಂಚುವುದು, ಮಾರುವುದು ಎಲ್ಲಾ. ಇನ್ನೊಂದು ಮಾತು. ಆ ಹುಡುಗಿ ಸ್ನೇಹಕ್ಕೆ ಬಿಡಿಸಿಕೊಟ್ಟಿದ್ದು, ಹಾಗಾಗಿ ಕಾಪಿರೈಟ್ ಅವಳದೇ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 30ನೇ ಕಲಂ ಪ್ರಕಾರ ಲೈಸೆನ್ಸ್ ಬರವಣಿಗೆಯಲ್ಲಿರಬೇಕು. ಯಾವ ಲೈಸೆನ್ಸ್ ಅಂತ ಹೆಸರು ಹೇಳಿ ಒಂದು ಮೇಲ್ ಬರೆಯಲು ಕೇಳಿ. ಅವಳ ಕೆಲಸಕ್ಕೆ ಅವಳ ಹೆಸರೂ ಕಾಪಿರೈಟ್ ಫೈಲ್‌ನಲ್ಲಿ ಬರಬೇಕು. ಅದು ನ್ಯಾಯ.

ಫೈರ್‌ಫಾಕ್ಸ್ ಬ್ರೌಸರ್ ಕಥೆ ಗೊತ್ತಿರಬಹುದು. ಕೋಡ್ ಮುಕ್ತವಾಗಿತ್ತು, ಲೋಗೋ ಚಿತ್ರದ ಲೈಸೆನ್ಸ್ ಮುಕ್ತವಾಗಿರಲಿಲ್ಲ. ಡೆಬಿಯನ್‌ನವರು ಲೋಗೋ ಬಿಟ್ಟು ಹೆಸರು ಮಾತ್ರ ಇಟ್ಟುಕೊಂಡರು. ಹೆಸರು ಬೇಕಾದರೆ ಲೋಗೋನೂ ಇರಬೇಕು, ನೀವು ಮಾಡುವ ಬದಲಾವಣೆಗಳಿಗೂ ನಮ್ಮ ಒಪ್ಪಿಗೆ ಬೇಕು ಅಂತ ಅದನ್ನು ಮಾಡುವ ಮೊಜಿಲ್ಲಾ ಹೇಳಿತು. 2006ರಲ್ಲಿ ಡೆಬಿಯನ್ ಅದಕ್ಕೆ ಐಸ್‌ವೀಸಲ್ ಅಂತ ಬೇರೆ ಹೆಸರಿಟ್ಟಿತು. ಫೈರ್‌ಫಾಕ್ಸ್ ಹೆಸರು ಡೆಬಿಯನ್‌ಗೆ ಮರಳಿದ್ದು 2016ರಲ್ಲಿ. ಒಂದು ಚಿತ್ರದಿಂದ ಶುರುವಾದದ್ದು ಹತ್ತು ವರ್ಷ ಎಳೆಯಿತು.

ಇಳಕಲ್‌ಪೇಟೆ:
ಬಹಳ ಉಪಕಾರ ಅಕ್ಕಾ. ಈಗ ಗೆಳೆಯರಿಗೆ ಬೇರೆ ಚಿಂತೆ. ಲೋಗೋನೂ ಮುಕ್ತ ಮಾಡಿದರೆ ನಾಳೆ ಯಾರೋ ಕೋಡ್ ಹಾಳುಮಾಡಿ ಅದೇ ಹೆಸರಲ್ಲಿ, ಅದೇ ಸೆರಗು ಹಚ್ಚಿ ಮಾರಿದರೆ? ಜಿಎಸ್‌ಟಿ ಲೆಕ್ಕ ತಪ್ಪಿದರೆ ಅಂಗಡಿಯವರು ಬಂದು ಹಿಡಿಯುವುದು ಇವರನ್ನೇ.

ಟಿಳಕವಾಡಿ:
ಅವರ ಚಿಂತೆ ಸರಿಯಾದದ್ದೇ, ಅದಕ್ಕೆ ದಾರಿನೂ ಇದೆ. ಕಾಪಿರೈಟ್ ಬೇರೆ, ಟ್ರೇಡ್‌ಮಾರ್ಕ್ ಬೇರೆ. ಕರದಂಟು ಯಾರು ಬೇಕಾದರೂ ಮಾಡಬಹುದು, ಅಮೀನಗಡದ ಒಂದು ಅಂಗಡಿಯ ಚೀಟಿ ಹಚ್ಚಿ ಮಾರೋಕೆ ಬರಲ್ಲ, ಅಲ್ವಾ? ಚಿತ್ರದ ಫೈಲನ್ನು ಮುಕ್ತ ಲೈಸೆನ್ಸ್‌ನಲ್ಲಿ ಕೊಟ್ಟೂ ಹೆಸರು, ಗುರುತಿನ ಮೇಲಿನ ಟ್ರೇಡ್‌ಮಾರ್ಕ್ ಹಕ್ಕನ್ನು ಉಳಿಸಿಕೊಳ್ಳಬಹುದು. ಜಿಪಿಎಲ್ 3ರ 7ನೇ ವಿಭಾಗದಲ್ಲೇ ಇದಕ್ಕೆ ಅವಕಾಶವಿದೆ. ಅಪಾಚೆ 2.0 ಅನ್ನುವ ಇನ್ನೊಂದು ಮುಕ್ತ ಲೈಸೆನ್ಸ್ ಆದರೆ 6ನೇ ವಿಭಾಗದಲ್ಲಿ ಟ್ರೇಡ್‌ಮಾರ್ಕ್ ಕೊಡುತ್ತಿಲ್ಲ ಅಂತ ನೇರವಾಗಿ ಬರೆದಿದೆ.

ಡೆಬಿಯನ್ ಕೂಡ ಹಾಗೇ ಮಾಡಿದೆ. ಅದರ ಲೋಗೋ, ಆ ಕೆಂಪು ಸುರುಳಿಯ ಚಿತ್ರ, ಎಲ್‌ಜಿಪಿಎಲ್ 3 ಇಲ್ಲವೇ ಸಿಸಿ ಬೈ-ಎಸ್‌ಎ 3.0 ಅನ್ನುವ ಮುಕ್ತ ಲೈಸೆನ್ಸ್‌ನಲ್ಲಿ ಸಿಗುತ್ತೆ. ಆದರೂ ಡೆಬಿಯನ್ ಅನ್ನುವ ಹೆಸರು ನೋಂದಾಯಿತ ಟ್ರೇಡ್‌ಮಾರ್ಕ್. ಗೆಳೆಯರು ರೀಡ್‌ಮಿ ಫೈಲ್‌ನಲ್ಲಿ ನಾಲ್ಕು ಸಾಲು ಬರೆದರೆ ಸಾಕು: ಡಿಸ್ಟ್ರೋದವರು ಸಣ್ಣಪುಟ್ಟ ತಿದ್ದುಪಡಿ ಮಾಡಿ ಇದೇ ಹೆಸರಲ್ಲಿ ಹಂಚಬಹುದು, ಲೆಕ್ಕ ಹಾಕುವ ಭಾಗ ಬದಲಿಸಿದವರು ಹೆಸರು, ಲೋಗೋ ಬದಲಿಸಬೇಕು. ಮೊದಲನೇ ಮಾತನ್ನು ಮರೆಯಬೇಡಿ. ಇಲ್ಲದಿದ್ದರೆ ಒಂದು ಬಗ್ ತಿದ್ದೋಕೂ ಇವರ ಮನೆ ಬಾಗಿಲಿಗೇ ಬರಬೇಕಾಗುತ್ತೆ.

ಗುಮ್ಮಟನಗರಿ:
ಲೋಗೋಗಳನ್ನು ಬೇರೆ ಫೋಲ್ಡರ್‌ನಲ್ಲೇ ಇಡಿ ಸರ್. ಫೆಡೊರಾ ಅನ್ನುವ ಡಿಸ್ಟ್ರೋದಲ್ಲಿ ಲೋಗೋಗಳದೇ ಒಂದು ಪ್ಯಾಕೇಜ್ ಇದೆ. ಬೇರೆ ಹೆಸರಲ್ಲಿ ಹಂಚುವವರು ಅದನ್ನು ತೆಗೆದು ಜೆನೆರಿಕ್ ಲೋಗೋಗಳ ಪ್ಯಾಕೇಜ್ ಹಾಕಿಕೊಳ್ಳುತ್ತಾರೆ.

ಇಳಕಲ್‌ಪೇಟೆ:
ಆ ತಂಗಿಗೆ ಕಳಿಸಲು ಹೀಗೆ ಬರೆದಿದ್ದೇನೆ, ನೋಡಿ:

"ಈ ಲೋಗೋ ನಾನೇ ಬಿಡಿಸಿದ್ದು, ಕಾಪಿರೈಟ್ ನನ್ನದು. ಇದನ್ನು ಯಾರು ಬೇಕಾದರೂ ಸಿಸಿ ಬೈ-ಎಸ್‌ಎ 4.0 ಲೈಸೆನ್ಸ್‌ನಡಿ ಬಳಸಬಹುದು, ಬದಲಿಸಬಹುದು, ಹಂಚಬಹುದು."

ಅವಳು ಇದನ್ನು ತನ್ನ ಮೇಲ್‌ನಿಂದ ವಾಪಸ್ ಕಳಿಸಿದರೆ ಸಾಕಲ್ವಾ?

ಟಿಳಕವಾಡಿ:
ಸಾಕು. ಆ ಮೇಲ್‌ನ ಪಠ್ಯವನ್ನು ಕಾಪಿರೈಟ್ ಫೈಲ್‌ನಲ್ಲಿ ಐಕಾನ್‌ಗಳ ಭಾಗದ ಕೆಳಗೆ ಹಾಕಿ. ಪಿಎನ್‌ಜಿ ಒಂದೇ ಇದ್ದರೆ ಇಂಕ್‌ಸ್ಕೇಪ್‌ನಂಥ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ತಿದ್ದಬಹುದಾದ ಮೂಲ ಎಸ್‌ವಿಜಿ ಫೈಲನ್ನೂ ಕೇಳಿ ಪಡೆಯಿರಿ. ಚಿತ್ರದ ಸೋರ್ಸ್ ಎಲ್ಲಿ ಅಂತ ಪ್ಯಾಕೇಜ್ ಪರಿಶೀಲಿಸುವವರು ಕೇಳುತ್ತಾರೆ.