ಕೊಡಗಿನಿಂದ ಶ್ರೀಹರಿಕೋಟಾ ರಾಕೆಟ್ ಕಾಣುತ್ತಾ? ನೋಡಿದವರು ಹೇಳಿ

ನಮ್ಮದು ಸುಂಟಿಕೊಪ್ಪ. ಬೆಂಗಳೂರಿನಲ್ಲಿ ಅಕ್ಕನ ಮನೆ ತಾರಸಿಯಿಂದ ರಾಕೆಟ್ ಕಂಡಿತಂತೆ. ಅವತ್ತಿನಿಂದ ಮಗ ನನ್ನ ಬೆನ್ನು ಬಿಟ್ಟಿಲ್ಲ. ನಮ್ಮ ಕಡೆಯಿಂದಲೂ ಕಾಣುತ್ತಾ? ಮಡಿಕೇರಿಯ ರಾಜಾಸೀಟಿಗೆ ಕರೆದುಕೊಂಡು ಹೋದರೆ ಸಾಕಾ?

— ರಾಜಾಸೀಟು ಬೇಡ ಅಕ್ಕಾ. ಅದು ಸೂರ್ಯ ಮುಳುಗೋದು ನೋಡುವ ಜಾಗ, ಪಶ್ಚಿಮಕ್ಕೆ ಮುಖ. ಶ್ರೀಹರಿಕೋಟಾ ನಮಗೆ ಪೂರ್ವಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿ.

— ಕಾಣುತ್ತೆ, ಆದರೆ ತಲೆ ಎತ್ತಿ ಹುಡುಕಬೇಡಿ. ಮಡಿಕೇರಿಯಿಂದ ನೇರ ಅಳೆದರೂ ಸುಮಾರು 500 ಕಿ.ಮೀ. ದೂರ. ಭೂಮಿ ಗುಂಡಗಿದೆಯಲ್ಲ, ಹಾಗಾಗಿ ಸಮತಟ್ಟು ನೆಲದಲ್ಲಿ ನಿಂತರೆ ರಾಕೆಟ್ 20 ಕಿ.ಮೀ. ಏರುವ ತನಕ ಏನೂ ಕಾಣಲ್ಲ. ಅಷ್ಟಾಗೋಕೆ ಒಂದು ನಿಮಿಷದ ಮೇಲೆ ಬೇಕು. 1600 ಮೀಟರ್ ಎತ್ತರದ ಬೆಟ್ಟದಲ್ಲಿದ್ದರೆ 10 ಕಿ.ಮೀ. ಏರಿದಾಗಲೇ ಸಿಗಬಹುದು. ಇಸ್ರೋದ ಎಲ್‌ವಿಎಂ3 ರಾಕೆಟ್ಟಿನ ದೊಡ್ಡ ಬೂಸ್ಟರ್‌ಗಳು, ಅಂದರೆ ಶುರುವಿನಲ್ಲಿ ಮೇಲಕ್ಕೆ ನೂಕುವ ಪಕ್ಕದ ಕೊಳವೆಗಳು, ಕಳಚಿಕೊಳ್ಳೋದು ಸುಮಾರು 60 ಕಿ.ಮೀ. ಎತ್ತರದಲ್ಲಿ. ಆಗಲೂ ನಮಗದು ದಿಗಂತದಿಂದ ನಾಲ್ಕು ಡಿಗ್ರಿ ಅಷ್ಟೇ. ಕೈ ಚಾಚಿ ಎರಡು ಬೆರಳು ಅಡ್ಡ ಹಿಡಿದರೆ ಅಷ್ಟು ಎತ್ತರ. ತೋಟದೊಳಗೆ ನಿಂತರೆ ಸಿಲ್ವರ್ ಮರ ಮಾತ್ರ ಕಾಣೋದು.

— ಸೋಮವಾರಪೇಟೆ ಕಡೆ, ಪೂರ್ವ ಬಯಲಾಗಿರುವ ಗುಡ್ಡದಿಂದ ನಾನು ನೋಡಿದ್ದೇನೆ. ರಾತ್ರಿ ಹೊತ್ತು, ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್. ಕಿತ್ತಳೆ ಬಣ್ಣದ ಒಂದು ಚುಕ್ಕೆ. ವಿಮಾನದ ದೀಪದ ಹಾಗೆ ಮಿನುಗಲಿಲ್ಲ, ಬಲಕ್ಕೆ ಸರಿಯುತ್ತಾ ಮೇಲೇರಿತು. ಇದ್ದಕ್ಕಿದ್ದಂತೆ ಮಂಕಾಯಿತು, ಮೊದಲ ಹಂತದ ಘನ ಇಂಧನ ಮುಗಿದಿತ್ತು. ಜೊತೆಗಿದ್ದವರು "ಇಷ್ಟೇನಾ?" ಅಂದರು. ನನಗಂತೂ ಮೈ ಜುಮ್ಮೆಂದಿತು! ಇನ್ನೊಂದು ಮಾತು, ಮೊಬೈಲಿನ ಲೈವ್ ನಂಬಿ ಕೂರಬೇಡಿ. ಅದು ಹಿಂದೆ ಓಡುತ್ತಿರುತ್ತೆ. ಗಡಿಯಾರ ನೋಡಿಕೊಳ್ಳಿ.

— ಹಗಲಿನದು ಸುಮ್ನೆ ಬಿಟ್ಟುಬಿಡಿ. ಚಂದ್ರಯಾನ-3 ಹಾರಿದ್ದು ಜುಲೈ ಮಧ್ಯಾಹ್ನ 2:35ಕ್ಕೆ, ನಮ್ಮಲ್ಲಿ ಮಳೆಗಾಲ ಅಲ್ವಾ? ನಸುಕು ಅಥವಾ ಮುಸ್ಸಂಜೆ ಸಿಕ್ಕರೆ ಅದೃಷ್ಟ. ನೆಲಕ್ಕೆ ಕತ್ತಲಾಗಿದ್ದರೂ ಮೇಲೆ ಬಿಸಿಲು ಇರುತ್ತೆ, ಹೊಗೆಯೆಲ್ಲ ಬೆಳಗುತ್ತೆ. 2022ರ ಡಿಸೆಂಬರ್ 15ರ ಸಂಜೆ ಒಡಿಶಾ ತೀರದಿಂದ ಅಗ್ನಿ-5 ಕ್ಷಿಪಣಿ ಹಾರಿಸಿದಾಗ, ಬಂಗಾಳದ ಜನ ಆಕಾಶದಲ್ಲಿ ಇದೇನು ಬೆಳಕು ಅಂತ ಗಾಬರಿಯಾಗಿದ್ದರು. ನಮಗೆ ಚಳಿಗಾಲದ ಕಾಫಿ ಕೊಯ್ಲಿನ ತಿಂಗಳುಗಳೇ ವಾಸಿ. ಬೆಳಗಿನ ಜಾವ ಮಾತ್ರ ಮಂಜಿನ ಕಾಟ.

— ಕತ್ತಲಲ್ಲಿ ಆನೆ ಓಡಾಡುವ ದಾರಿ ಹಿಡಿಯಬೇಡಿ ಅಕ್ಕಾ. ಹೊರಡುವ ಮುಂಚೆ ಮುಂದೂಡಿದ್ದಾರಾ ಅಂತಲೂ ನೋಡಿ. 2019ರಲ್ಲಿ ಚಂದ್ರಯಾನ-2ನ್ನು ಇನ್ನು 56 ನಿಮಿಷ ಇರುವಾಗ ನಿಲ್ಲಿಸಿ, ಒಂದು ವಾರ ಬಿಟ್ಟು ಹಾರಿಸಿದರು.