ಪದಚರ್ಚೆ: ಕಾರಿನ ಚಿತ್ರಗಳಲ್ಲಿ ‘ನೆರಳು’, ‘ಹೊಳಪು’ ಎಂಬ ಪದಗಳ ಬಳಕೆ

ಮಾನ್ಯರೇ,

ಶಿರಸಿ ಮತ್ತು ಕುಮಟಾ ಕಡೆಗಳಲ್ಲಿ ಹಳೆಯ ಕಾರುಗಳ ಮಾರಾಟಕ್ಕೆಂದು ಚಿತ್ರ ತೆಗೆದುಕೊಡುವ ಯುವಕರಿಗಾಗಿ, ಕಾರನ್ನು ಬಯಲಿನಲ್ಲಿ ನಿಲ್ಲಿಸಿ ಚಿತ್ರ ತೆಗೆಯುವ ಮತ್ತು ಆ ಚಿತ್ರವನ್ನು ಸಹಜವಾಗಿ ಕಾಣುವಂತೆ ತಿದ್ದುವ ಬಗೆಯನ್ನು ವಿವರಿಸುವ ಕಿರುಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಲೆನ್ಸ್, ಫಿಲ್ಟರ್, ವೈಟ್ ಬ್ಯಾಲೆನ್ಸ್ ಮುಂತಾದ ಪದಗಳನ್ನು ಎಲ್ಲರೂ ಹಾಗೆಯೇ ಬಳಸುವುದರಿಂದ ಅವುಗಳಿಗೆ ಕನ್ನಡ ಹುಡುಕುವ ಗೋಜಿಗೆ ಹೋಗಿಲ್ಲ. ತೊಡಕು ಬಂದಿರುವುದು ನಾವು ದಿನವೂ ಆಡುವ ‘ನೆರಳು’ ಮತ್ತು ‘ಹೊಳಪು’ ಎಂಬ ಎರಡು ಪದಗಳಲ್ಲಿ. ಇವುಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಹಳಗನ್ನಡದ ‘ನೆೞಲ್’ನಿಂದ ಬಂದಿರುವ ‘ನೆರಳು’, ಬಿಸಿಲು ತಾಗದ ತಂಪು ಜಾಗವನ್ನೂ ವಸ್ತುವೊಂದು ನೆಲದ ಮೇಲೆ ಬೀಳಿಸುವ ಆಕೃತಿಯನ್ನೂ ಒಟ್ಟಿಗೇ ಹೇಳುತ್ತದೆ. ‘ಕಾರನ್ನು ನೆರಳಿಗೆ ನಿಲ್ಲಿಸಿ’ ಎಂದರೂ ‘ಕಾರಿನ ನೆರಳು ರಸ್ತೆಗೆ ಬಿದ್ದಿದೆ’ ಎಂದರೂ ಯಾರಿಗೂ ಗೊಂದಲವಾಗುವುದಿಲ್ಲ. ಆದರೆ ಚಿತ್ರ ತಿದ್ದುವ ತಂತ್ರಾಂಶಗಳಲ್ಲಿ ‘ಶ್ಯಾಡೋಸ್’ ಎಂಬ ಹೆಸರಿನಲ್ಲಿರುವ, ಅತ್ತಿತ್ತ ಎಳೆಯುವ ಪಟ್ಟಿ (ಸ್ಲೈಡರ್) ಈ ಎರಡನ್ನೂ ಸೂಚಿಸುವುದಿಲ್ಲ. ಅದು ಚಿತ್ರದಲ್ಲಿ ಕಪ್ಪಾಗಿರುವ ಭಾಗಗಳನ್ನು, ಅವು ಏಕೆ ಕಪ್ಪಾಗಿವೆ ಎಂಬುದನ್ನು ವಿಚಾರಿಸದೆ, ಒಟ್ಟಾಗಿ ಹಿಡಿದು ಏರಿಸುತ್ತದೆ ಅಥವಾ ಇಳಿಸುತ್ತದೆ. ನಡುಬಿಸಿಲಿನಲ್ಲಿ ನಿಂತ ಕಪ್ಪು ಕಾರಿನ ಬಾಗಿಲೂ, ಟೈರೂ, ಕಿಟಕಿಯೊಳಗಿನ ಸೀಟೂ ಅದರ ಲೆಕ್ಕದಲ್ಲಿ ‘ಶ್ಯಾಡೋಸ್’ ಆಗಿಬಿಡುತ್ತವೆ. ಇದನ್ನು ನಾನು ‘ನೆರಳನ್ನು ತಿಳಿಗೊಳಿಸಿ’ ಎಂದು ಬರೆದರೆ, ಓದುವವನು ಕಾರಿನ ಅಡಿಯಲ್ಲಿರುವ ಕಪ್ಪನ್ನೇ ಮೊದಲು ತಿಳಿಗೊಳಿಸುತ್ತಾನೆ, ಮತ್ತು ಆ ಕಪ್ಪು ಹೋದೊಡನೆ ಟನ್ನುಗಟ್ಟಲೆ ತೂಕದ ವಾಹನ ರಸ್ತೆಯಿಂದ ಗೇಣುದ್ದ ಮೇಲೆ ತೇಲುತ್ತಿರುವಂತೆ ಕಾಣುತ್ತದೆ. ಮಾರಾಟದ ಜಾಹೀರಾತುಗಳಲ್ಲಿ ಇಂಥ ತೇಲುವ ಕಾರುಗಳಿಗೆ ಬರವಿಲ್ಲ.

ಬಣ್ಣಗಳ ವಿಷಯದಲ್ಲಿ ಕನ್ನಡ ದಟ್ಟ ಮತ್ತು ತೆಳು ಎಂಬ ಭೇದವನ್ನು ಬಹಳ ಹಿಂದೆಯೇ ಸುಲಭವಾಗಿ ಮಾಡಿಕೊಂಡಿದೆ: ಕಡುಗೆಂಪು, ಕಡುನೀಲಿ ಒಂದು ಕಡೆ; ತಿಳಿಹಸಿರು, ತಿಳಿನೀಲಿ ಇನ್ನೊಂದು ಕಡೆ. ಇದೇ ದಾರಿಯಲ್ಲಿ ‘ಶ್ಯಾಡೋಸ್’ಗೆ ‘ಕಡುಭಾಗ’ ಎಂದೂ, ಚಿತ್ರದಲ್ಲಿ ಹೆಚ್ಚು ಬೆಳಗಿರುವ ಭಾಗಗಳಾದ ‘ಹೈಲೈಟ್ಸ್’ಗೆ ‘ತಿಳಿಭಾಗ’ ಎಂದೂ ಬಳಸಬಹುದೆಂದು ನನ್ನ ಅನಿಸಿಕೆ. ‘ತಿಳಿ’ ಎಂದಾಗ ತಿಳಿನೀರಿನ ನಿರ್ಮಲತೆಯ ಅರ್ಥವೂ ನುಸುಳುತ್ತದೆ, ಬಾನೆಟ್ಟಿನ ಮೇಲೆ ಉರಿಯುವ ಬೆಳಕಿಗೆ ಅದು ತೀರಾ ಸೌಮ್ಯವಾಯಿತು ಎಂಬ ಆಕ್ಷೇಪಕ್ಕೆ ಅವಕಾಶವಿದೆ. ಆದರೂ ಜೋಡಿಪದಗಳಾಗಿ ಇವೆರಡೂ ನೆನಪಿನಲ್ಲಿ ನಿಲ್ಲುತ್ತವೆ.

ಕಾರಿನ ಅಡಿಯ ಕಪ್ಪಿಗೆ ಬೇರೆಯೇ ಹೆಸರು ಬೇಕು ಎನ್ನುವುದಕ್ಕೆ ನಮ್ಮ ಮಳೆಗಾಲವೇ ಕಾರಣವನ್ನು ಕೊಡುತ್ತದೆ. ಆಷಾಢದಲ್ಲಿ ದೇವಿಮನೆ ಘಟ್ಟದ ಬದಿಯಲ್ಲೋ ಶಿರಸಿಯ ಹೊರವಲಯದಲ್ಲೋ ಕಾರನ್ನು ನಿಲ್ಲಿಸಿದರೆ, ಮೋಡ ಕವಿದ ಇಡೀ ಆಕಾಶವೇ ಬೆಳಕಿನ ಮೂಲವಾಗುವುದರಿಂದ ಅಂಚು ಕಡಿದಂಥ ನೆರಳು ಎಲ್ಲಿಯೂ ಬೀಳುವುದಿಲ್ಲ. ಹಾಗಿದ್ದರೂ ಟೈರು ನೆಲವನ್ನು ಮುಟ್ಟುವ ಜಾಗದಲ್ಲಿ ದಟ್ಟವಾದ, ಹೊರಗೆ ಬರುತ್ತಾ ಮೆಲ್ಲಗೆ ಕರಗುವ ಕಪ್ಪು ಇದ್ದೇ ಇರುತ್ತದೆ. ಅಲ್ಲಿಗೆ ಆಕಾಶದ ಬೆಳಕು ಯಾವ ದಿಕ್ಕಿನಿಂದಲೂ ಸಾಕಷ್ಟು ತಲುಪಲಾರದು. ‘ದೀಪದ ಬುಡದಲ್ಲಿ ಕತ್ತಲೆ’ ಎಂಬ ಗಾದೆಯ ಬೆಂಬಲದಿಂದ ಇದನ್ನು ‘ಬುಡಗತ್ತಲೆ’ ಎಂದು ಕರೆದಿದ್ದೇನೆ. ‘ಕಡುಭಾಗವನ್ನು ಏರಿಸಿ, ಬುಡಗತ್ತಲೆಯನ್ನು ಮುಟ್ಟಬೇಡಿ’ ಎಂದು ಬರೆದರೆ ಸೂಚನೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ನೆರಳಿನ ಬಣ್ಣದ ಪ್ರಶ್ನೆ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಬಯಲಿನ ನೆರಳಿಗೆ ಬೆಳಕು ಕೊಡುವುದು ನೀಲಿ ಆಕಾಶವಾದ್ದರಿಂದ ಅದು ನೀಲಿಯ ಕಡೆಗೆ ವಾಲಿರುತ್ತದೆ. ನಡುಹಗಲಿನ ಬಿಸಿಲನ್ನು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣವನ್ನು ಅಳೆಯುವ ಮಾನ; ಅಂಕಿ ಏರಿದಷ್ಟೂ ಬೆಳಕು ನೀಲಿ) ಎಂದು ಹಿಡಿಯುವ ಕ್ಯಾಮೆರಾಗಳು ನೆರಳಿನ ಜಾಗಕ್ಕೆ 7000ದಿಂದ 8000ದವರೆಗಿನ ಅಂಕಿಯನ್ನು ಇಟ್ಟುಕೊಳ್ಳುವುದು ಇದರಿಂದಲೇ. ಕಾರವಾರದಲ್ಲಿ ಪಶ್ಚಿಮಕ್ಕೆ ಮುಖ ಮಾಡಿರುವ ಟಾಗೋರ್ ಕಡಲತೀರದ ಬಳಿ ಸಂಜೆ ನಿಲ್ಲಿಸಿದ ಬಿಳಿ ಕಾರು, ಕಡಲಿನ ಕಡೆಗೆ ಕಿತ್ತಳೆಯಾಗಿಯೂ ಊರಿನ ಕಡೆಗೆ ನೀಲಿಯಾಗಿಯೂ ಕಾಣುತ್ತದೆ. ಎರಡು ಕಡೆಯನ್ನೂ ತಿದ್ದಿ ಅಚ್ಚಬಿಳಿ ಮಾಡಿದ ಚಿತ್ರ ನೋಡುವವರಿಗೆ ಸುಳ್ಳೆನಿಸುತ್ತದೆ, ಕಾರಣವನ್ನು ಮಾತ್ರ ಅವರು ಹೇಳಲಾರರು. ಚಿರೆಕಲ್ಲಿನ ಅಂಗಳದಲ್ಲಿ ನಿಂತ ಕಾರಿನ ಬಾಗಿಲಿನ ಕೆಳಭಾಗಕ್ಕೆ ನೆಲದ ಕೆಂಪು ಬರುವುದೂ, ಮರಗಳ ಕೆಳಗೆ ನಿಂತ ಕಾರಿನ ಬಾನೆಟ್ಟಿಗೆ ಎಲೆಯ ಹಸಿರು ಬರುವುದೂ ಇದೇ ಜಾತಿಯವು. ಇವನ್ನೆಲ್ಲ ‘ಛಾಯೆ’ ಎನ್ನಬಹುದೇ? ಸಂಸ್ಕೃತದಲ್ಲಿ ಛಾಯೆಗೆ ನೆರಳು, ಪ್ರತಿಬಿಂಬ, ಕಾಂತಿ ಎಂಬ ಅರ್ಥಗಳೆಲ್ಲವೂ ಇರುವುದರಿಂದ, ಬಿಡಿಸಲು ಹೊರಟ ಗಂಟು ಮತ್ತೆ ಬಿಗಿಯಾಗುವ ಅಪಾಯವಿದೆ. ಆದ್ದರಿಂದ ನಾಮಪದವನ್ನು ಬಿಟ್ಟು ‘ನೆಲದ ಕೆಂಪು ಸೋಕಿದೆ’ ಎಂದು ಕ್ರಿಯಾಪದದಿಂದಲೇ ಕೆಲಸ ತೆಗೆದಿದ್ದೇನೆ.

ಇನ್ನು ‘ಹೊಳಪು’. ಪೇಂಟಿನ ನುಣುಪಿನಿಂದ ಬರುವ ಗುಣ, ಆ ನುಣುಪಿನಲ್ಲಿ ಕಾಣುವ ಆಕಾಶ, ಮರ, ವಿದ್ಯುತ್ ಕಂಬಗಳ ಆಕೃತಿ, ಸೂರ್ಯನೇ ನೇರವಾಗಿ ತಾಗಿ ಕಣ್ಣಿಗೆ ಹೊಡೆಯುವ ಬೆಳಕು, ಈ ಮೂರಕ್ಕೂ ಜನ ಹೊಳಪು ಎನ್ನುತ್ತಾರೆ. ಗ್ಯಾರೇಜಿನವರು ಮೊದಲನೆಯದಕ್ಕೆ ಮಾತ್ರ ‘ಶೈನಿಂಗ್’ ಎನ್ನುವುದುಂಟು. ಪೋಲರೈಸರ್ ಫಿಲ್ಟರಿನ ಬಗ್ಗೆ ಬರೆಯುವಾಗ ಈ ಭೇದ ಅನಿವಾರ್ಯ. ಆ ಫಿಲ್ಟರ್ ಗಾಜಿನ ಮೇಲೂ ಪೇಂಟಿನ ಮೇಲ್ಪದರದ ಮೇಲೂ ಓರೆಯಾಗಿ ಬಿದ್ದು ಮರಳುವ ಬೆಳಕನ್ನು ತಡೆಯುತ್ತದೆ. ಬರಿಯ ಲೋಹದಿಂದ ಮರಳುವ ಬೆಳಕಿನ ಮೇಲೆ ಅದರ ಆಟ ಹೆಚ್ಚು ನಡೆಯದು. ಫಿಲ್ಟರನ್ನು ತಿರುಗಿಸುತ್ತಾ ಪ್ರತಿಬಿಂಬವನ್ನು ಆದಷ್ಟೂ ಅಳಿಸಿದರೆ ಕಾರಿನ ಮೈಯ ಉಬ್ಬುತಗ್ಗುಗಳೇ ಮಾಯವಾಗುತ್ತವೆ, ಏಕೆಂದರೆ ಆ ತಿರುವುಗಳನ್ನು ನಮಗೆ ತೋರಿಸುವುದೇ ಪ್ರತಿಬಿಂಬ. ಹೀಗಿರುವಾಗ ‘ಹೊಳಪನ್ನು ಕಡಿಮೆ ಮಾಡಿ’ ಎಂದು ಬರೆದರೆ ಏನನ್ನು ಕಡಿಮೆ ಮಾಡಬೇಕು?

ಮೊದಲನೆಯದಕ್ಕೆ ‘ಮೆರುಗು’ ಒಪ್ಪುತ್ತದೆ. ಮರದ ಸಾಮಾನಿಗೆ ಹಚ್ಚುವ ‘ಮೆರುಗೆಣ್ಣೆ’ಯಲ್ಲಿ ಆ ಅರ್ಥ ಈಗಾಗಲೇ ನೆಲೆಯೂರಿದೆ. ಎರಡನೆಯದು ‘ಪ್ರತಿಬಿಂಬ’ ಅಥವಾ ಬರಿಯ ‘ಬಿಂಬ’. ಮೂರನೆಯದಕ್ಕೆ ‘ಕಣ್ಣು ಕೋರೈಸುವ’ ಎಂಬ ಮಾತಿನಿಂದ ‘ಕೋರೈಕೆ’ ಎಂಬ ನಾಮಪದವನ್ನು ಮಾಡಿಕೊಂಡಿದ್ದೇನೆ. ಹಾಗಾದರೆ ಸೂಚನೆ ಹೀಗಾಗುತ್ತದೆ: ಕೋರೈಕೆಯನ್ನು ಕಳೆಯಿರಿ, ಬಿಂಬವನ್ನು ತಗ್ಗಿಸಿ, ಮೆರುಗನ್ನು ಉಳಿಸಿ.

‘ಸಹಜ’ದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ನೈಸರ್ಗಿಕ ಬೆಳಕು’ ಸರಿಯೇ, ಆದರೆ ಕಾರ್ಖಾನೆಯಿಂದ ಬಂದ ವಾಹನ ‘ನೈಸರ್ಗಿಕವಾಗಿ’ ಕಾಣುವುದು ನನಗೆ ಒಪ್ಪಿಗೆಯಿಲ್ಲ. ಚಿತ್ರದ ‘ಸಂಪಾದನೆ’ ಎಂಬ ಪದವನ್ನೂ ಕೈಬಿಟ್ಟು ‘ತಿದ್ದುವುದು’ ಎಂದಿದ್ದೇನೆ, ಹಳೆಯ ಕಾರು ಮಾರುವವರ ಮಟ್ಟಿಗೆ ಸಂಪಾದನೆಯೂ ಸುಳ್ಳಲ್ಲವಾದರೂ.

‘ಕೋರೈಕೆ’ಯನ್ನು ಅಥವಾ ಅದಕ್ಕೆ ಹತ್ತಿರದ ಬೇರೊಂದು ರೂಪವನ್ನು ಬರಹದಲ್ಲಿಯೋ ಆಡುಮಾತಿನಲ್ಲಿಯೋ ಕಂಡವರು ದಯವಿಟ್ಟು ತಿಳಿಸಬೇಕು. ಘಟ್ಟದ ಮೇಲಿನ ಹವ್ಯಕ ಮಾತಿನಲ್ಲಿ, ಕರಾವಳಿಯ ಮೀನುಗಾರರ ಮಾತಿನಲ್ಲಿ, ನೀರಿನ ಮೇಲಿನಿಂದ ಕಣ್ಣಿಗೆ ಹೊಡೆಯುವ ಬಿಸಿಲಿಗೆ ಪ್ರತ್ಯೇಕ ಪದವಿದ್ದರೆ ನನ್ನ ‘ಕೋರೈಕೆ’ಯನ್ನು ಬಿಟ್ಟು ಅದನ್ನೇ ಕೈಪಿಡಿಗೆ ತೆಗೆದುಕೊಳ್ಳುತ್ತೇನೆ.