ಸಹಾಯ ಬೇಕು: ಬಾಡಿಗೆ ಬಾಕಿಯ ಕರಪತ್ರ ಓದಿಕೊಡುವ ವಕೀಲರು (ಮಡಿಕೇರಿ, ಕುಶಾಲನಗರ)

ಎಲ್ಲರಿಗೂ ನಮಸ್ಕಾರ. ಬಾಡಿಗೆ ಕಟ್ಟಲಾಗದವರಿಗೂ ಮನೆ ಮಾಲೀಕರಿಗೂ ಹಂಚಲು ಎರಡು ಪುಟದ ಕರಪತ್ರ ಬರೆಯುತ್ತಿದ್ದೇವೆ. ಅಚ್ಚಿಗೆ ಕೊಡುವ ಮೊದಲು ಸಿವಿಲ್ ಕೇಸು ನಡೆಸುವ ವಕೀಲರೊಬ್ಬರು ಓದಿ ತಿದ್ದಿಕೊಡಬೇಕು.

ಕೋವಿಡ್ ಲಾಕ್‌ಡೌನ್ ವೇಳೆ ಬಂದ 2020ರ ಮಾರ್ಚ್ 29ರ ಕೇಂದ್ರದ ಆದೇಶ, ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು ಎಂದಿತ್ತು. ಅಮೆರಿಕದಲ್ಲಿ ಅದೇ ವರ್ಷದ ಸೆಪ್ಟೆಂಬರಿನಿಂದ ಮನೆ ಬಿಡಿಸುವುದಕ್ಕೇ ತಡೆ ಬಂತು. 2021ರ ಆಗಸ್ಟ್ 26ರಂದು ಅಲ್ಲಿನ ಸುಪ್ರೀಂ ಕೋರ್ಟ್ ಈ ತಡೆಯನ್ನು ತೆರವುಗೊಳಿಸಿತು. ಆ ತಡೆ ಬಾಕಿಯನ್ನು ಮನ್ನಾ ಮಾಡಲಿಲ್ಲ, ಬಾಕಿ ಬೆಳೆಯುತ್ತಲೇ ಹೋಯಿತು. ಇಲ್ಲಿ ಸಾಲದ ಕಂತು ಮುಂದೂಡಿಸಿಕೊಂಡ ಮಾಲೀಕರಿಗೂ ಬಡ್ಡಿ ನಿಲ್ಲಲಿಲ್ಲ. ಹಾಗಾಗಿ ಕರಪತ್ರದಲ್ಲಿ ಬಾಡಿಗೆ ಬಾಕಿಯನ್ನು ಕಂತಿನಲ್ಲಿ ತೀರಿಸುವ ಒಪ್ಪಂದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ತಿಂಗಳಿಗೆ 5,000ದಂತೆ ನಾಲ್ಕು ತಿಂಗಳ ಬಾಕಿ 20,000 ಎಂದುಕೊಳ್ಳಿ. ಬಾಡಿಗೆಯ ಜೊತೆ 2,000 ಸೇರಿಸಿ ಕೊಟ್ಟರೆ ಹತ್ತು ತಿಂಗಳಲ್ಲಿ ತೀರುತ್ತದೆ. ಎಡವುವುದು ರಶೀದಿಯಲ್ಲಿ: ಚಾಲ್ತಿ ಬಾಡಿಗೆ ಎಷ್ಟು, ಹಳೆ ಬಾಕಿ ಎಷ್ಟು ಎಂದು ಬೇರೆ ಬೇರೆ ಬರೆಯದಿದ್ದರೆ ಮಾಲೀಕರು ಪೂರ್ತಿ ಹಣವನ್ನು ಹಳೆ ಬಾಕಿಗೆ ಜಮೆ ಮಾಡಿಕೊಳ್ಳಬಹುದು, ಆಗ ಈ ತಿಂಗಳದ್ದೂ ಬಾಕಿಯಾಗುತ್ತದೆ. ಅಡ್ವಾನ್ಸ್‌ನಲ್ಲಿ ಮುರಿದುಕೊಂಡರೆ ಅದನ್ನೂ ಬರೆಯಲೇಬೇಕು.

ಕೋರ್ಟ್ ಆದೇಶವಿಲ್ಲದೆ ಬೀಗ ಹಾಕಿ ಹೊರಗಟ್ಟಿದರೆ ಆರು ತಿಂಗಳೊಳಗೆ ದಾವೆ ಹೂಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವುಂಟು, ಸಹಾಯವಾಣಿ 15100.

ತೋಟದ ಲೈನ್‌ಮನೆಗಳ (ತೋಟದವರು ಕೆಲಸಗಾರರಿಗೆ ಕೊಡುವ ಸಾಲುಮನೆಗಳ) ವಿಷಯ ಬೇರೆ, ಅಲ್ಲಿ ಕೆಲಸ ಹೋದರೆ ಸೂರೂ ಹೋಗುತ್ತದೆ. ಅದರ ಬಗ್ಗೆ ತಿಳಿದವರು ದಯವಿಟ್ಟು ಒಂದು ಪ್ಯಾರಾ ಬರೆದುಕೊಡಿ. ಕರಪತ್ರವನ್ನು ಅಸ್ಸಾಮಿ ಭಾಷೆಗೆ ಅನುವಾದಿಸುವವರೂ ಬೇಕು.